ಕೆರೆ ಏರಿಯ ಹಿಂದಿನ ಎಲೆದೋಟ

ಚಿಕ್ಕಮಗಳೂರು ಜಿಲ್ಲೆಯ ಬೇಸಾಯದ ಚರಿತ್ರೆ ಬರೆಯುವವರು ಬಾಬಾಬುಡನ್‌ಗಿರಿಯ ಕಾಫಿಯಿಂದ ಶುರುಮಾಡಿ ಅಡಿಕೆಗೆ ಬಂದು ನಿಲ್ಲುತ್ತಾರೆ. ಗಿರಿಸಾಲಿನ ಆಚೆ ಬಯಲಿಗೆ ಇಳಿದ ಕಡೂರು, ತರೀಕೆರೆ, ಅಜ್ಜಂಪುರಗಳ ಪಾಲಿಗೆ ಬರುವುದು ಬರಗಾಲದ ಮಾತು, ರಾಗಿ-ಜೋಳದ ಮಾತು, ಅಮೃತಮಹಲ್ ದನಗಳ ಮಾತು. ಈ ಸೀಮೆಯ ನಿಜವಾದ ಕಥೆ ತಿಳಿಯಬೇಕಾದರೆ ವೀಳ್ಯದೆಲೆಯ ಬಳ್ಳಿಯನ್ನು ಕೇಳಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣ ಬಳ್ಳಿಯ ಸ್ವಭಾವದಲ್ಲೇ ಇದೆ. ಮೆಣಸಿನ ಬಳ್ಳಿಯ ಹತ್ತಿರದ ನೆಂಟನಾದ ಇದು ಆಗ್ನೇಯ ಏಷ್ಯಾದ ತೇವದ ನೆಲದಿಂದ ಬಂದದ್ದು. ನೆರಳು ಬೇಕು, ಬುಡ ಸದಾ ತಂಪಾಗಿರಬೇಕು, ಆದರೆ ನೀರು ನಿಲ್ಲಕೂಡದು. ಕಡೂರಿನ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದನ್ನೇ ನಂಬಿದರೆ ಈ ಬಳ್ಳಿ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಬೀಜದಿಂದ ಯಾರೂ ಇದನ್ನು ಬೆಳೆಸುವುದಿಲ್ಲ. ಹಳೆಯ ಬಳ್ಳಿಯ ಮೂರ್ನಾಲ್ಕು ಗೆಣ್ಣಿನ ತುಂಡನ್ನು ನೆಟ್ಟೇ ಹೊಸ ಬಳ್ಳಿ ಮಾಡಬೇಕು. ಹಾಗಾಗಿ ಬಯಲುಸೀಮೆಯ ಒಂದೊಂದು ಎಲೆಬಳ್ಳಿಯ ಹಿಂದೆಯೂ ಬೇಸಿಗೆ ತಪ್ಪದೆ ನೀರು ಹೊಯ್ದ ಕೈಗಳ ಸಾಲೇ ಇದೆ. ರಾಗಿ ಒಂದು ವರ್ಷ ಕೈಕೊಟ್ಟರೆ ಮರುವರ್ಷ ಬಿತ್ತಬಹುದು. ಬಳ್ಳಿಗೆ ಅಂಥ ವಿನಾಯಿತಿ ಇಲ್ಲ.

ಆ ನೀರು ಬಂದದ್ದು ಎಲ್ಲಿಂದ? ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಕಡೂರು ತಾಲ್ಲೂಕಿನ ಮದಗದ ಕೆರೆ, ಇವುಗಳೂ ಸೇರಿದಂತೆ ಊರೂರಿಗೂ ಇದ್ದ ಸಣ್ಣಪುಟ್ಟ ಕೆರೆಗಳಿಂದ. ಕೆರೆಗಳನ್ನು ಕಟ್ಟಿಸಿದ್ದು ಭತ್ತಕ್ಕಾಗಿ, ಎಲೆದೋಟಕ್ಕೆ ಸಿಕ್ಕಿದ್ದು ಮಿಕ್ಕ ನೀರು ಎಂದು ಯಾರಾದರೂ ಹೇಳಬಹುದು. ತೋಟಗಳು ಇರುತ್ತಿದ್ದ ಜಾಗವನ್ನು ನೋಡಿದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಗದ್ದೆ ಅಚ್ಚುಕಟ್ಟಿನ ಉದ್ದಕ್ಕೂ ಹರಡಿದರೆ ತೋಟ ಏರಿಯ ಹಿಂಬದಿಗೇ ಅಂಟಿಕೊಂಡಿರುತ್ತದೆ. ತೂಬು ಮುಚ್ಚಿದ ಮೇಲೂ ಅಲ್ಲಿ ನೆಲದೊಳಗೆ ನೀರು ಜಿನುಗುತ್ತದೆ, ಬಾವಿ ತೋಡಿದರೆ ಮೇಲೇ ಸಿಗುತ್ತದೆ, ಏತವೋ ಕಪಿಲೆಯೋ ಹೂಡಿ ಚೈತ್ರ-ವೈಶಾಖ ಕಳೆಯಬಹುದು. ಈ ಜಾಗವನ್ನು ಆರಿಸಿದವರಿಗೆ ಕೆರೆಯ ತುಂಬುನೀರಿಗಿಂತ ಅದರ ಒರತೆಯ ಲೆಕ್ಕ ಚೆನ್ನಾಗಿ ತಿಳಿದಿತ್ತು. ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಗದ್ದೆ, ಬೆದ್ದಲಿನ ಜೊತೆಗೆ ತೋಟ ಬೇರೆಯಾಗಿ ನಮೂದಾಗುತ್ತದೆ. ಎಲೆಯ ತೋಟವನ್ನು ಹೆಸರಿಸಿಯೇ ದಾನ ಕೊಟ್ಟದ್ದುಂಟು, ಎಲೆಯ ಹೇರಿಗೆ ಸುಂಕ ವಿಧಿಸಿದ್ದುಂಟು. ಎಲೆ ಮಾರುವ ತಂಬುಲಿಗರು, ಉಗುರು ಮುನ್ನೂರ್ವರು ಎಂಬ ಸಂಘಟನೆಗಳೂ ಆ ಬರಹಗಳಲ್ಲಿ ಸಿಗುತ್ತವೆ. ತರೀಕೆರೆಗೆ ಸಮೀಪದ ಅಮೃತಪುರದಲ್ಲಿ 1196ರಲ್ಲಿ ಅಮೃತೇಶ್ವರ ದೇವಾಲಯ ಎದ್ದಿತು. ಅಂಥ ದೇವಾಲಯಗಳ ನಿತ್ಯದ ತಾಂಬೂಲಕ್ಕೆ ದಿನವೂ ಹಸಿ ಎಲೆ ಬೇಕು, ಅದೂ ಕೈಗೆಟುಕುವ ದೂರದಲ್ಲಿ ಬೆಳೆದದ್ದು. ಮೈಸೂರು ಸಂಸ್ಥಾನದ ಕಂದಾಯ ವ್ಯವಸ್ಥೆಯೂ ಖುಷ್ಕಿ, ತರಿ, ಬಾಗಾಯ್ತು ಎಂದು ನೆಲವನ್ನು ವಿಂಗಡಿಸಿ ತೋಟವನ್ನು ಗದ್ದೆಯಿಂದ ಪ್ರತ್ಯೇಕವಾಗಿಯೇ ಕಂಡಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಎಲೆಬಳ್ಳಿ ಅಡಿಕೆ ಮರಕ್ಕೆ ಹಬ್ಬಿಸುವ ಉಪಬೆಳೆ ತಾನೇ, ಅದಕ್ಕೆ ಸ್ವಂತದ ಚರಿತ್ರೆ ಎಲ್ಲಿಂದ ಬರಬೇಕು? ತರೀಕೆರೆಯ ಮಲೆನಾಡು ಮಗ್ಗುಲಿನ ತೋಟಗಳ ಮಟ್ಟಿಗೆ ಇದನ್ನು ಒಪ್ಪಬಹುದು. ಬಯಲಿನ ಎಲೆದೋಟದ ರೀತಿಯೇ ಬೇರೆ. ಅಲ್ಲಿ ಹಾಲುವಾಣ, ಅಗಸೆ, ನುಗ್ಗೆ ಗಿಡಗಳನ್ನು ಮೊದಲು ಸಾಲಾಗಿ ಎಬ್ಬಿಸಿ ಅವುಗಳ ಬುಡಕ್ಕೆ ಬಳ್ಳಿ ನೆಡುತ್ತಾರೆ. ಆಸರೆಯೂ ಅದೇ, ನೆರಳೂ ಅದೇ. ಕುಡಿ ಮೇಲೇರಿದಂತೆ ಗೆಣ್ಣು ನಲುಗದ ಹಾಗೆ ಸಡಿಲವಾಗಿ ಬಾಳೆನಾರಿನಿಂದ ಕಟ್ಟಬೇಕು. ಕೈಗೆ ಎಟುಕದಷ್ಟು ಬೆಳೆದ ಬಳ್ಳಿಯನ್ನು ಒಂದೊಂದೇ ಕಟ್ಟು ಬಿಚ್ಚಿ ಕೆಳಗಿಳಿಸಿ, ಎಲೆ ಕೊಯ್ದು ಬರಿದಾದ ಕಾಂಡವನ್ನು ಬುಡದಲ್ಲೇ ಸುರುಳಿ ಸುತ್ತಿ ಮಣ್ಣು-ಗೊಬ್ಬರ ಮುಚ್ಚಿ, ಕುಡಿಯನ್ನು ಮತ್ತೆ ಗಿಡಕ್ಕೆ ಕಟ್ಟುತ್ತಾರೆ. ಹೂತ ಗೆಣ್ಣುಗಳಲ್ಲಿ ಬೇರೊಡೆದು ಮುದಿ ಬಳ್ಳಿ ಮತ್ತೆ ಎಳೆಯದಾಗುತ್ತದೆ. ಇಷ್ಟು ನಾಜೂಕಿನ ಕೆಲಸ ಉಪಬೆಳೆಗೆಂದು ಹುಟ್ಟುವುದಿಲ್ಲ. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ, ಬಂದ ಮೇಲೂ ದುಡ್ಡು ಕೈಸೇರುವುದು ವರ್ಷಕ್ಕೊಮ್ಮೆ. ಎಲೆಯಾದರೋ ಕೊಯ್ಲಿಗೆ ಬಂದಮೇಲೆ ಸಂತೆ ಸಂತೆಗೂ ಕಾಸು ತರುತ್ತದೆ. ಉಪ್ಪು, ಎಣ್ಣೆ, ಕೂಲಿಯ ಖರ್ಚು ನಡೆಸಿದ ಬೆಳೆಯನ್ನು ಚರಿತ್ರೆಕಾರರು ಮರೆತಿರುವುದಕ್ಕೆ ಕಾರಣ ಅದು ಶ್ರೀಮಂತರನ್ನು ಸೃಷ್ಟಿಸಲಿಲ್ಲ ಎಂಬುದೇ ಇರಬೇಕು.

ಎಲೆದೋಟದ ಮಡಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಚಪ್ಪಲಿ ಮೆಟ್ಟಿ ಒಳಗೆ ಹೋಗಕೂಡದು, ಮುಟ್ಟಾದ ಹೆಂಗಸರು ಕಾಲಿಡಕೂಡದು ಎಂಬ ಕಟ್ಟಳೆ ದೇಶದ ಎಲೆ ಬೆಳೆಯುವ ಹಲವು ಸೀಮೆಗಳಲ್ಲಿ ಇತ್ತು. ಇದರಲ್ಲಿ ವಿಜ್ಞಾನವೇ ಇದೆ ಎಂದು ಈಚೆಗೆ ಸಮರ್ಥಿಸುವವರಿದ್ದಾರೆ. ಬುಡ ಕೊಳೆಸುವ ರೋಗ ಮಣ್ಣು ಮತ್ತು ನೀರಿನ ಮೂಲಕ ಹಬ್ಬುತ್ತದೆ ಎಂಬುದು ನಿಜ. ಮೆಟ್ಟಿಗೆ ಮೆತ್ತಿದ ಕೆಸರು ಒಂದು ತೋಟದ ಕೊಳೆಯನ್ನು ಇನ್ನೊಂದಕ್ಕೆ ದಾಟಿಸಬಲ್ಲದು. ಆದರೆ ಆ ಸಮರ್ಥನೆ ಚಪ್ಪಲಿಗೆ ಮುಗಿಯಿತು. ಹೆಣ್ಣಿನ ಮೈಯಿಂದ ಯಾವ ಬಳ್ಳಿಯೂ ಬಾಡಿಲ್ಲ. ರೋಗದ ಭಯಕ್ಕೆ ಹೊರಗಿನ ಮನುಷ್ಯರನ್ನು ಹೊಣೆ ಮಾಡಿದ ಕಟ್ಟಳೆ ಅದು. ಮನೆಯ ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ನೆಟ್ಟ ಎಲೆಬಳ್ಳಿಯನ್ನು ಸಾಕಿದವರು ಹೆಂಗಸರೇ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಮಾರುವ ತೋಟದಿಂದ ದೂರವಿರಿಸಿದ ಕೈಯೇ ಬಾಗಿನಕ್ಕೆ, ಅರಿಸಿನ-ಕುಂಕುಮಕ್ಕೆ ಬೇಕಾದ ಎಲೆಯನ್ನು ಹಿತ್ತಲಲ್ಲಿ ಬೆಳೆಯುತ್ತಿತ್ತು.

1889ರಲ್ಲಿ ಬೆಂಗಳೂರು–ಹರಿಹರ ರೈಲು ಕಡೂರು, ಬೀರೂರು, ಅಜ್ಜಂಪುರದ ಮೂಲಕ ಓಡತೊಡಗಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗದ ದಾರಿ ತೆರೆಯಿತು. ಕೊಯ್ದ ಕೆಲವೇ ದಿನಗಳಲ್ಲಿ ಹಳದಿಗಟ್ಟುವ ಸರಕಿಗೆ ಇದು ದೊಡ್ಡ ಅನುಕೂಲ. ಬಾಳೆಲೆ ಸುತ್ತಿ ನೀರು ಚಿಮುಕಿಸಿದ ಪೆಂಡಿಗೆ ದೂರದ ಪೇಟೆಯೂ ಹತ್ತಿರವಾಗುವಂತಾಯಿತು. ಆಮೇಲೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತು. ನೀರು ಬಂದ ಮೇಲೆ ಬಳ್ಳಿ ಹೆಚ್ಚಬೇಕಿತ್ತಲ್ಲ, ಹಾಗಾಗಲಿಲ್ಲವೇಕೆ, ನೀರೇ ಮುಖ್ಯ ಎಂಬ ವಾದ ಇಲ್ಲಿ ಬೀಳುವುದಿಲ್ಲವೇ ಎಂದು ಕೇಳಬಹುದು. ಬೀಳುವುದಿಲ್ಲ; ಇನ್ನಷ್ಟು ಸ್ಪಷ್ಟವಾಗುತ್ತದೆ. ನಾಲೆಯಾಗಲಿ ಆಮೇಲಿನ ಕೊಳವೆಬಾವಿಯಾಗಲಿ ನೀರನ್ನು ತಂದವೇ ಹೊರತು ಕೈಗಳನ್ನು ತರಲಿಲ್ಲ. ನೀರೊಂದಿದ್ದರೆ ಅಡಿಕೆ, ತೆಂಗು ಕಡಿಮೆ ಆಳಿನಲ್ಲಿ ಬೆಳೆಯುತ್ತವೆ. ಎಲೆಬಳ್ಳಿಗೆ ಕಟ್ಟುವವರು, ಇಳಿಸುವವರು, ಕೊಯ್ಯುವವರು, ಎಣಿಸಿ ಜೋಡಿಸುವವರು ವರ್ಷವಿಡೀ ಬೇಕು. ಹಿಂದೆ ಇಡೀ ಮನೆಮಂದಿ ಕೂಲಿಯ ಲೆಕ್ಕವಿಲ್ಲದೆ ದುಡಿದದ್ದರಿಂದ ಅದು ಗಿಟ್ಟುತ್ತಿತ್ತು. ಅಜ್ಜಂಪುರದ ಹತ್ತಿರ ಈಗ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಚಿತ್ರದುರ್ಗದ ಕಡೆಗೆ ನೀರು ಸಾಗಿಸುತ್ತದೆ. ಆ ನೀರು ಎಷ್ಟು ಎಕರೆಗೆ ಉಣಿಸುತ್ತದೆ ಎಂಬ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಬಾಗಾಯ್ತಿನ ದಾಖಲೆಗಳನ್ನು ತೆರೆದು, ಏರಿಯ ಹಿಂದಿನ ತೋಟಗಳನ್ನು ಊರೂರಿನಲ್ಲಿ ಗುರುತಿಸಿ, ಬಳ್ಳಿ ಇಳಿಸಬಲ್ಲ ಹಿರಿಯರು ಇರುವಾಗಲೇ ಅವರ ಕೆಲಸವನ್ನು ಬರೆದಿಡುವುದು ಅಷ್ಟೇ ಅಗತ್ಯದ ಲೆಕ್ಕ, ಮತ್ತು ಅದನ್ನು ಶುರುಮಾಡಲು ಕೆರೆಗಳ ಪಟ್ಟಿಯೊಂದೇ ಸಾಕು.