ಹಗಿಯಾ ಸೋಫಿಯಾ ಮತ್ತು ಹಳೇಬೀಡಿನ ಕಂಬ

ಹುಳಿಯಾರಿನ ಸುತ್ತಲ ತೆಂಗಿನ ಸೀಮೆಯವರಿಗೆ ಹೆಗ್ಗೆರೆಯ ಪಾರ್ಶ್ವನಾಥ ಬಸದಿ ಅಪರಿಚಿತವಲ್ಲ. 12ನೆಯ ಶತಮಾನದಲ್ಲಿ ಹೊಯ್ಸಳರ ಸಾಮಂತ ಗೋವಿದೇವನು ಅಗಲಿದ ಪತ್ನಿಯ ನೆನಪಿಗಾಗಿ ಕಟ್ಟಿಸಿದ ಜಿನಾಲಯವದು. ದೇವಾಲಯವನ್ನು ಕಟ್ಟಿಸುವವರೆಲ್ಲರೂ ಅದು ಆಚಂದ್ರಾರ್ಕವಾಗಿ ನಿಲ್ಲಲೆಂದು ಹಾರೈಸುತ್ತಾರೆ. ಆದರೆ ಕಲ್ಲು ಉಳಿದ ಕಡೆಯಲ್ಲೆಲ್ಲ ಕಟ್ಟಿಸಿದವರ ಪೂಜೆಯೂ ಉಳಿಯುವುದೆಂದು ಹೇಳಲಾಗದು. ಇದಕ್ಕೆ ಜಗತ್ತಿನ ಬಹು ದೊಡ್ಡ ನಿದರ್ಶನ, ತುರ್ಕಿಯ ಇಸ್ತಾಂಬುಲ್ ನಗರದಲ್ಲಿರುವ ಹಗಿಯಾ ಸೋಫಿಯಾ.

‘ಪವಿತ್ರ ಜ್ಞಾನ’ ಎಂಬುದು ಆ ಹೆಸರಿನ ಅರ್ಥ. ನಗರಕ್ಕೆ ಆಗ ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರಿತ್ತು. ಚಕ್ರವರ್ತಿ ಜಸ್ಟಿನಿಯನ್ನನು ಕ್ರಿ.ಶ. 532ರಲ್ಲಿ ಆರಂಭಿಸಿದ ಈ ಕ್ರೈಸ್ತ ದೇವಾಲಯವು ಐದೇ ವರ್ಷಗಳಲ್ಲಿ, 537ರಲ್ಲಿ ಪೂರ್ಣಗೊಂಡಿತು. ಸುಮಾರು 31 ಮೀಟರ್ ಅಗಲದ ಅದರ ಗುಮ್ಮಟವು 558ರಲ್ಲಿ ಕುಸಿಯಿತು. ಅದನ್ನು ಮತ್ತಷ್ಟು ಎತ್ತರವಾಗಿ ಪುನಃ ಕಟ್ಟಲಾಯಿತು. 1204ರಲ್ಲಿ ಧರ್ಮಯುದ್ಧಕ್ಕೆಂದು ಹೊರಟ ಪಶ್ಚಿಮದ ಕ್ರೈಸ್ತರೇ ಈ ಕ್ರೈಸ್ತ ಮಂದಿರವನ್ನು ಕೊಳ್ಳೆಹೊಡೆದರೆಂಬುದು ಗಮನಾರ್ಹ ಸಂಗತಿ. ಪರಧರ್ಮದವರು ಮಾತ್ರವೇ ಕೇಡುಗೈಯುವರೆಂಬ ಭಾವನೆಗೆ ಇತಿಹಾಸದಲ್ಲಿ ಆಧಾರವಿಲ್ಲ.

1453ರ ಮೇ 29ರಂದು ಆಟೊಮನ್ ಸುಲ್ತಾನ ಎರಡನೆಯ ಮೆಹ್ಮೆದನು ನಗರವನ್ನು ಗೆದ್ದು ಈ ಚರ್ಚನ್ನು ಮಸೀದಿಯನ್ನಾಗಿ ಮಾಡಿದನು. ಮುಂದೆ ಅದಕ್ಕೆ ಮಿನಾರುಗಳು ಸೇರಿದವು. ಗೋಡೆಗಳ ಮೇಲೆ ಬಣ್ಣದ ಚೂರುಗಳನ್ನು ಜೋಡಿಸಿ ರಚಿಸಿದ್ದ ಕ್ರೈಸ್ತ ಚಿತ್ರಗಳು ಕ್ರಮೇಣ ಗಾರೆಯ ಕೆಳಗೆ ಮರೆಯಾದವು. ಆದರೆ ಇದೇ ಆಟೊಮನ್ ಆಳ್ವಿಕೆಯಲ್ಲಿ, 16ನೆಯ ಶತಮಾನದ ಮಹಾಶಿಲ್ಪಿ ಸಿನಾನನು ಆಸರೆಗೋಡೆಗಳನ್ನು ಕೊಟ್ಟು ಕಟ್ಟಡವನ್ನು ಭದ್ರಪಡಿಸಿದನು. ಪಡೆದುಕೊಂಡವರೇ ಕಾಪಾಡಿದವರೂ ಆದರು.

ತುರ್ಕಿ ಗಣರಾಜ್ಯವಾದ ಮೇಲೆ, 1934ರ ನಿರ್ಣಯದಂತೆ ಅದು ವಸ್ತುಸಂಗ್ರಹಾಲಯವಾಗಿ 1935ರಲ್ಲಿ ಸರ್ವರಿಗೂ ತೆರೆಯಿತು. 2020ರ ಜುಲೈ 10ರಂದು ಅಲ್ಲಿನ ಉಚ್ಚ ಆಡಳಿತ ನ್ಯಾಯಾಲಯವು ಆ ನಿರ್ಣಯವನ್ನು ರದ್ದುಪಡಿಸಿತು. ಅದೇ ತಿಂಗಳ 24ರಂದು ಮತ್ತೆ ನಮಾಜು ನಡೆಯಿತು. ಇತ್ತ ಸ್ಪೇನಿನ ಕಾರ್ಡೋಬಾದಲ್ಲಿ 1236ರಿಂದ ಮಹಾಮಸೀದಿಯೇ ಚರ್ಚಾಗಿದೆ. ಗೆದ್ದವರ ಕೈ ಎಲ್ಲೆಡೆ ಒಂದೇ ಬಗೆಯದು.

ಹಾಗಾದರೆ ಬೇರೆ ದಾರಿಯೇ ಇಲ್ಲವೆ? ನಮ್ಮ ನೆರೆಯ ಹಳೇಬೀಡಿನಲ್ಲಿ ಒಂದು ಉತ್ತರವಿದೆ. ಅಲ್ಲಿನ ವಿಜಯ ಪಾರ್ಶ್ವನಾಥ ಬಸದಿಯು ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ್ದು. ಐದು ಶತಮಾನಗಳ ಬಳಿಕ ಹುಚ್ಚಪ್ಪದೇವನೆಂಬವನು ಅದರ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಬಸದಿಯು ಕೈತಪ್ಪಿಹೋಗಬಹುದಾಗಿದ್ದ ಗಳಿಗೆಯದು. ಜೈನರು ಮೊರೆಯಿಟ್ಟಾಗ ವೀರಶೈವ ಮಹಾಮಹತ್ತಿನವರು ಕೂಡಿ ವಿಚಾರಿಸಿದರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜೈನರು ತಮ್ಮ ಪೂರ್ವಪದ್ಧತಿಯಂತೆ ಪೂಜಾದಿಗಳನ್ನು ನಡೆಸಿಕೊಳ್ಳತಕ್ಕದ್ದೆಂದು ತೀರ್ಮಾನವಾಯಿತು. ಜೈನಧರ್ಮಕ್ಕೆ ಅಡ್ಡಿಮಾಡಿದವನು ಶಿವದ್ರೋಹಿಯೆಂದು ವೀರಶೈವರೇ 1638ರ ಆ ಶಾಸನದಲ್ಲಿ ಬರೆಸಿದರು.

ಈ ಒಪ್ಪಂದವು ಸಮಾನರ ನಡುವಿನದಲ್ಲ. ತಮ್ಮ ಜಿನಾಲಯದಲ್ಲಿಯೇ ಜೈನರು ಮೊದಲು ಅನ್ಯಮತದ ಸಂಕೇತಕ್ಕೆ ಮನ್ನಣೆಯನ್ನು ಸಲ್ಲಿಸಬೇಕಾಯಿತು. ಆ ನೋವನ್ನು ಮರೆಮಾಚಬೇಕಿಲ್ಲ. ಆದರೂ ಬಲವುಳ್ಳವರು ತಮ್ಮ ಬಲವನ್ನು ತಾವೇ ಕಟ್ಟಿಹಾಕಿಕೊಂಡರು. ಬಲವಿಲ್ಲದವರ ಪೂಜೆ ಉಳಿಯಿತು. ಇಸ್ತಾಂಬುಲಿನಲ್ಲಿ ಕಟ್ಟಡ ಉಳಿದು ಪ್ರಾರ್ಥನೆ ಬದಲಾಯಿತು. ಹಳೇಬೀಡಿನಲ್ಲಿ ಕಟ್ಟಡದೊಡನೆ ಅದರ ಪೂಜೆಯೂ ಉಳಿಯಿತು. ಅದಕ್ಕೆ ಬೇಕಾದುದು ಸೈನ್ಯವಲ್ಲ, ಸಂಯಮ.

ಇದರಲ್ಲಿ ನಮಗೂ ಪಾಠವುಂಟು. ಕಳೆದುಕೊಂಡ ಬಸದಿಗಳ ನೆನಪನ್ನು ಸತ್ಯವಾಗಿ ದಾಖಲಿಸುವುದು ತಪ್ಪಲ್ಲ. ಆ ನೆನಪನ್ನು ದ್ವೇಷದ ಬಂಡವಾಳವನ್ನಾಗಿ ಮಾಡುವುದು ಅಹಿಂಸೆಗೆ ಸಲ್ಲದು. ಜೈನ ಮನೆಗಳೇ ಉಳಿಯದ ಊರುಗಳಲ್ಲಿ ಬಾಗಿಲು ಮುಚ್ಚಿದ ಬಸದಿಗಳನ್ನು ನಮ್ಮ ಟ್ರಸ್ಟುಗಳು ಎಷ್ಟರಮಟ್ಟಿಗೆ ನೋಡಿಕೊಳ್ಳುತ್ತಿವೆ? ಅವುಗಳಿಗೆ ಅನ್ಯಮತದ ನೆರೆಹೊರೆಯವರು ದೀಪ ಹಚ್ಚುತ್ತಿದ್ದರೆ ಅವರಿಗೆ ಕೃತಜ್ಞತೆಯ ಒಂದು ಮಾತನ್ನಾದರೂ ಹೇಳಿದ್ದೇವೆಯೆ? ಅಪರಿಗ್ರಹವನ್ನು ಬೋಧಿಸುವ ನಾವು ದೇವಾಲಯದ ಒಡೆಯರಲ್ಲ, ಕಾವಲುಗಾರರು ಮಾತ್ರ.