ಒಂದು ರೋಗಾಣುವಿನ ಚರಿತ್ರೆ: ರೇಷ್ಮೆಮನೆಯಿಂದ ಹತ್ತಿಯ ಹೊಲಕ್ಕೆ

ಕೃಷಿ, ಆರೋಗ್ಯ, ಪರಿಸರಶುದ್ಧಿ ಈ ಮೂರು ಕ್ಷೇತ್ರಗಳಲ್ಲಿ ಜೈವಿಕ ತಂತ್ರಜ್ಞಾನವು ಸಾಧಿಸಿರುವುದನ್ನು ಹೇಳುವಾಗ, ಒಂದೊಂದು ಶೋಧವನ್ನೂ ಮೆಟ್ಟಿಲಿನಂತೆ ಜೋಡಿಸಿ ಮೇಲುಮೇಲಕ್ಕೆ ಏರಿಸಿ ತೋರಿಸುವುದು ವಾಡಿಕೆ. ಚರಿತ್ರೆಯನ್ನು ಅಭ್ಯಾಸಮಾಡುವವರು ಈ ಕ್ರಮವನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಆದುದರಿಂದ ನಾವು ಇಲ್ಲಿ ಒಂದೇ ಒಂದು ಏಕಾಣುಜೀವಿಯನ್ನು ಎತ್ತಿಕೊಂಡು, ನೂರಿಪ್ಪತ್ತು ವರ್ಷಗಳಿಗೂ ಮೀರಿದ ಅದರ ವೃತ್ತಾಂತವನ್ನು ಪರಿಶೀಲಿಸಿದ್ದೇವೆ. ಅದರ ಹೆಸರು ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ನಮ್ಮ ರೈತರ ಬಾಯಲ್ಲಿ ಅದು 'ಬಿಟಿ' ಎಂಬ ಎರಡಕ್ಷರವಾಗಿ ನಿಂತಿದೆ. ಈ ಜೀವಿಯಿಂದ ತೆಗೆದ ಜೀನು ಅಮೆರಿಕದ ಹತ್ತಿಯ ಹೊಲಗಳಲ್ಲಿ ಗುಲಾಬಿ ಕಾಯಿಕೊರಕ ಹುಳುವನ್ನು ನಿರ್ಮೂಲಮಾಡಲು ನೆರವಾಯಿತು. ಅದೇ ಜೀನು ಅದೇ ಹುಳುವಿನ ಎದುರಿಗೆ ನಮ್ಮ ದೇಶದಲ್ಲಿ ಸೋತಿತು. ಆಯುಧ ಒಂದೇ, ಶತ್ರು ಒಂದೇ. ಫಲ ಮಾತ್ರ ಬೇರೆಯಾದುದೇಕೆ ಎಂಬುದೇ ನಮ್ಮ ಪ್ರಶ್ನೆ.

ಈ ಜೀವಿ ಮೊದಲು ಮನುಷ್ಯನ ಕಣ್ಣಿಗೆ ಬಿದ್ದುದು ಮಿತ್ರನಾಗಿ ಅಲ್ಲ, ಶತ್ರುವಾಗಿ. 1901ರಲ್ಲಿ ಜಪಾನಿನ ಇಷಿವಾತ ಷಿಗೆತಾನೆ ಎಂಬ ವಿಜ್ಞಾನಿ ರೇಷ್ಮೆಹುಳುಗಳನ್ನು ಥಟ್ಟನೆ ಕೆಡವುತ್ತಿದ್ದ ರೋಗವೊಂದಕ್ಕೆ ಈ ಏಕಾಣುವೇ ಕಾರಣವೆಂದು ತೋರಿಸಿದನು. ಹಠಾತ್ತನೆ ಕುಸಿದು ಬೀಳುವುದನ್ನು ಹೇಳುವ 'ಸೊತ್ತೊ' ಎಂಬ ಮಾತೇ ಆ ರೋಗಕ್ಕೆ ಹೆಸರಾಯಿತು. ನಮ್ಮ ರೇಷ್ಮೆ ಬೆಳೆಗಾರರು ಸಪ್ಪೆ ರೋಗವೆಂದು ಕರೆಯುವ ಬೇನೆಗಳ ಗುಂಪಿಗೆ ಇದನ್ನೂ ಸೇರಿಸುವುದುಂಟು. 1911ರಲ್ಲಿ ಜರ್ಮನಿಯ ಅರ್ನ್ಸ್ಟ್ ಬೆರ್ಲಿನರ್ ಎಂಬಾತನು ಥುರಿಂಜಿಯಾ ಪ್ರಾಂತದ ಹಿಟ್ಟಿನ ಗಿರಣಿಯೊಂದರಿಂದ ಬಂದ, ಸತ್ತ ಪತಂಗದ ಮರಿಹುಳುಗಳಲ್ಲಿ ಇದೇ ಜಾತಿಯ ಜೀವಿಯನ್ನು ಕಂಡು, 1915ರಲ್ಲಿ ಸವಿಸ್ತಾರವಾಗಿ ವರ್ಣಿಸಿ, ಪ್ರಾಂತದ ಹೆಸರನ್ನೇ ಅದಕ್ಕಿಟ್ಟನು. ಜಪಾನಿನವನ ಮಾತು ನಿಂತಿದ್ದರೆ ಇಂದು ರಾಯಚೂರಿನ ಸಂತೆಯಲ್ಲಿ 'ಸೊತ್ತೊ ಹತ್ತಿ' ಎಂಬ ಹೆಸರು ಕೇಳಿಬರುತ್ತಿತ್ತೇನೋ! ಹೆಸರು ಅಂತಿರಲಿ, ಗಮನಿಸತಕ್ಕ ಅಂಶವೆಂದರೆ, ರೇಷ್ಮೆಮನೆಯಲ್ಲಿ ನಿಂತು ನೋಡಿದವನಿಗೆ ಇದು ಮಾರಿಯಾಗಿ ತೋರಿತು, ಗಿರಣಿಯಲ್ಲಿ ನಿಂತು ನೋಡಿದವನಿಗೆ ಉಪಕಾರಿಯಾಗಿ ತೋರಿತು.

ಉಪಕಾರವನ್ನು ಬಳಸಿಕೊಳ್ಳುವ ಯತ್ನ ಬಹು ಬೇಗ ನಡೆಯಿತು. 1938ರಲ್ಲಿ ಫ್ರಾನ್ಸಿನಲ್ಲಿ 'ಸ್ಪೋರೀನ್' ಎಂಬ ಪುಡಿ ಮಾರಾಟಕ್ಕೆ ಬಂದಿತು. 1961ರಲ್ಲಿ ಅಮೆರಿಕವು ಈ ಏಕಾಣುವನ್ನು ಕೀಟನಾಶಕವಾಗಿ ನೋಂದಾಯಿಸಿತು. ಈ ನಡುವೆ ಅದು ಕೊಲ್ಲುವ ಬಗೆಯೂ ತಿಳಿದುಬಂದಿತು. ಜೀವಿಯು ಬೀಜಾಣುವನ್ನು ಕಟ್ಟಿಕೊಳ್ಳುವಾಗ ಅದರ ಪಕ್ಕದಲ್ಲಿ ಒಂದು ಹರಳನ್ನೂ ಕಟ್ಟುತ್ತದೆ. 1953ರಲ್ಲಿ ಹ್ಯಾನೆಯು ಈ ಹರಳಿನತ್ತ ವಿದ್ವಾಂಸರ ಗಮನವನ್ನು ಸೆಳೆದನು. ಮರುವರ್ಷ ಕೆನಡಾದ ಆಂಗಸ್, ರೇಷ್ಮೆಹುಳುಗಳ ಮೇಲೆಯೇ ಪ್ರಯೋಗ ನಡೆಸಿ, ವಿಷವಿರುವುದು ಆ ಹರಳಿನ ಪ್ರೋಟೀನಿನಲ್ಲಿ ಎಂಬುದನ್ನು ಸ್ಥಾಪಿಸಿದನು. ಹುಳುವಿನ ಕರುಳು ತೀವ್ರವಾದ ಕ್ಷಾರಗುಣವುಳ್ಳದ್ದು. ಅಲ್ಲಿ ಹರಳು ಕರಗಿ, ಪ್ರೋಟೀನು ಕರುಳಿನ ಗೋಡೆಯನ್ನು ಹಿಡಿದು ಅಲ್ಲಿ ರಂಧ್ರಗಳನ್ನು ಮಾಡುತ್ತದೆ. ಮನುಷ್ಯನ ಜಠರವು ಆಮ್ಲಗುಣವುಳ್ಳದ್ದು. ಆ ಪ್ರೋಟೀನು ಹಿಡಿದು ನಿಲ್ಲತಕ್ಕ ತಾಣವೂ ನಮ್ಮ ಕರುಳಿನಲ್ಲಿಲ್ಲ. ಹುಳುವಿಗೆ ವಿಷವಾದುದು ದನಕರುಗಳಿಗೂ ಮನುಷ್ಯರಿಗೂ ವಿಷವಲ್ಲ ಎಂಬ ನಂಬಿಕೆಗೆ ಇದೇ ಆಧಾರ. ಆದರೆ ರೇಷ್ಮೆಹುಳುವೂ ಒಂದು ಮರಿಹುಳುವೇ ಅಷ್ಟೆ. ಹಿಪ್ಪುನೇರಳೆಯ ತೋಟಗಳ ನೆರೆಯಲ್ಲಿ ಈ ಪುಡಿಯನ್ನು ಸಿಂಪಡಿಸಬಾರದೆಂಬ ಎಚ್ಚರಿಕೆಯನ್ನು ನಮ್ಮ ರೇಷ್ಮೆಸೀಮೆಯವರು ಮರೆಯುವಂತಿಲ್ಲ.

ಆರೋಗ್ಯಕ್ಷೇತ್ರದ ಅಧ್ಯಾಯವು ಚಿಕ್ಕದು. ಆದರೆ ನಮ್ಮ ವಾದಕ್ಕೆ ಮುಖ್ಯವಾದುದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸತ್ತ ಸೊಳ್ಳೆಮರಿಗಳು ಸಿಕ್ಕಿದುವು. ಅವುಗಳಿಂದ ಬೇರ್ಪಡಿಸಿದ 'ಇಸ್ರೇಲೆನ್ಸಿಸ್' ಎಂಬ ಉಪಜಾತಿಯನ್ನು ಗೋಲ್ಡ್‌ಬರ್ಗ್ ಮತ್ತು ಮಾರ್ಗಲಿತ್ 1977ರಲ್ಲಿ ಲೋಕಕ್ಕೆ ತಿಳಿಸಿದರು. ಪಶ್ಚಿಮ ಆಫ್ರಿಕದಲ್ಲಿ ನದೀತೀರದ ಜನರನ್ನು ಕುರುಡರನ್ನಾಗಿಸುತ್ತಿದ್ದ ರೋಗವನ್ನು ಹರಡುವ ಕರಿನೊಣಗಳ ಮೇಲೆ 1974ರಿಂದ ಹೋರಾಟ ನಡೆದಿತ್ತು. 1980ರ ಹೊತ್ತಿಗೆ ಆ ನೊಣಗಳು ರಾಸಾಯನಿಕ ವಿಷಕ್ಕೆ ಜಗ್ಗದಾದುವು. ಆಗ ಕೈಹಿಡಿದುದು ಈ ಉಪಜಾತಿಯೇ. ಅದು ಒಂದು ವಿಷವನ್ನಲ್ಲ, ನಾಲ್ಕಾರು ವಿಷಪ್ರೋಟೀನುಗಳನ್ನು ಒಟ್ಟಿಗೆ ಕಟ್ಟುತ್ತದೆ. ನೀರಿಗೆ ಬಿದ್ದ ಬಳಿಕ ಬಹುಕಾಲ ಉಳಿಯುವುದೂ ಇಲ್ಲ. ದಶಕಗಳ ಬಳಕೆಯ ನಂತರವೂ ಸೊಳ್ಳೆಗಳು ಅದಕ್ಕೆ ಬಲವಾಗಿ ಒಗ್ಗಿಕೊಂಡ ನಿದರ್ಶನಗಳು ಬಹಳ ವಿರಳ. ಹಲವು ವಿಷಗಳ ಕೂಟ, ಅಲ್ಪಕಾಲದ ಇರವು: ನಿಸರ್ಗವು ತಾನೇ ಮಾಡಿಕೊಂಡಿದ್ದ ಈ ಎರಡು ಏರ್ಪಾಡುಗಳನ್ನೂ ಮುಂದಿನ ಹೆಜ್ಜೆಯು ಮುರಿಯಿತು.

1981ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಶ್ನೆಫ್ ಮತ್ತು ವೈಟ್ಲಿ ಎಂಬ ವಿದ್ವಾಂಸರು ಹರಳಿನ ಪ್ರೋಟೀನಿನ ಒಂದು ಜೀನನ್ನು ಬಿಡಿಸಿ ತೆಗೆದು ಬೇರೊಂದು ಏಕಾಣುವಿನಲ್ಲಿ ನೆಟ್ಟರು. 1987ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದ ಸಂಶೋಧಕರು ಇಂಥ ಜೀನನ್ನು ಹೊಗೆಸೊಪ್ಪಿನ ಗಿಡದಲ್ಲಿ ಸೇರಿಸಿ, ಗಿಡವೇ ಹುಳುವನ್ನು ಕೊಲ್ಲುವುದನ್ನು ತೋರಿಸಿದರು. ಹಾಗೆ ಜೀನು ತನ್ನ ಸಂಗಾತಿಗಳನ್ನು ಬಿಟ್ಟು ಒಂಟಿಯಾಯಿತು. ಬಿಸಿಲಿಗೆ ಕೆಡುವ ಪುಡಿಯಾಗಿದ್ದುದು ಬೆಳೆಯ ಕಾಲವೆಲ್ಲ ಗಿಡದಲ್ಲಿಯೇ ಇರುವ ವಸ್ತುವಾಯಿತು. ಇದರ ಅಪಾಯವನ್ನು ಯಾರೂ ಊಹಿಸಿರಲಿಲ್ಲವೆಂದು ಹೇಳುವುದು ಸರಿಯಲ್ಲ. ದಾಸ್ತಾನಿನ ಧಾನ್ಯವನ್ನು ತಿನ್ನುವ ಪತಂಗವು ಬಿಟಿಗೆ ಒಗ್ಗಿಕೊಳ್ಳಬಲ್ಲುದೆಂದು 1985ರಲ್ಲಿ ಮೆಗಾಹೆ ತೋರಿಸಿದ್ದನು. ಹವಾಯಿ ದ್ವೀಪದ ತೋಟಗಳಲ್ಲಿ ವಜ್ರಬೆನ್ನಿನ ಪತಂಗವು ಒಗ್ಗಿಕೊಂಡೇಬಿಟ್ಟಿದೆಯೆಂದು 1990ರಲ್ಲಿ ಟಬಾಷ್ನಿಕ್ ವರದಿಮಾಡಿದ್ದನು. ಬಿಟಿ ಹತ್ತಿಯು ಅಮೆರಿಕದ ಹೊಲಕ್ಕಿಳಿದುದು 1996ರಲ್ಲಿ. ನಮ್ಮಲ್ಲಿ 2002ರ ಮಾರ್ಚಿಯಲ್ಲಿ, ಕರ್ನಾಟಕವೂ ಸೇರಿ ಆರು ರಾಜ್ಯಗಳಿಗೆಂದು ಅನುಮತಿ ದೊರೆಯಿತು. ಎಚ್ಚರಿಕೆಯು ಬೆಳೆಗಿಂತ ಮೊದಲೇ ಬಂದಿತ್ತು.

ಅಮೆರಿಕದವರು ಆ ಎಚ್ಚರಿಕೆಯನ್ನು ಹೇಗೆ ನಡೆಸಿಕೊಂಡರೆಂಬುದನ್ನು ನೋಡೋಣ. ವಿಷವನ್ನು ತಡೆಯಬಲ್ಲ ಹುಳು ಲಕ್ಷದಲ್ಲೊಂದು ಇದ್ದೀತು. ಅಂಥ ಎರಡು ಪತಂಗಗಳು ಕೂಡಿದರೆ ಅಪಾಯ. ಅದರ ಬದಲು ತಡೆಯಲಾರದ ಪತಂಗದೊಡನೆ ಕೂಡಿದರೆ ಮರಿಗಳು ಬಹುಮಟ್ಟಿಗೆ ಸಾಯುತ್ತವೆ. ಆದುದರಿಂದ ತಡೆಯಲಾರದ ಪತಂಗಗಳನ್ನು ಬೇಕೆಂದೇ ಸಾಕುವುದಕ್ಕಾಗಿ ಬಿಟಿಯಲ್ಲದ ಹತ್ತಿಯನ್ನೂ ಪಕ್ಕದಲ್ಲಿ ಬೆಳೆಯಬೇಕು. ಇದಕ್ಕೆ ಆಶ್ರಯ ಬೆಳೆಯೆಂದು ಹೆಸರು. ಅರಿಜೋನದಲ್ಲಿ ಇದು ಕಾಗದದ ಮೇಲಿನ ನಿಯಮವಾಗಿ ಉಳಿಯದೆ ಹೊಲದಲ್ಲಿಯೂ ನಡೆಯಿತು. 2006ರಿಂದ ಮುಂದೆ, ಸಂತಾನಶಕ್ತಿಯನ್ನು ಕಳೆದ ಪತಂಗಗಳನ್ನು ವಿಮಾನದಿಂದ ಹೊಲಗಳ ಮೇಲೆ ಬಿಡಲಾಯಿತು. 2018ರ ಅಕ್ಟೋಬರಿನಲ್ಲಿ ಆ ದೇಶದ ಹತ್ತಿಸೀಮೆಯಿಂದ ಗುಲಾಬಿ ಕಾಯಿಕೊರಕವು ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ನಮ್ಮಲ್ಲಿಯೂ ನಿಯಮವಿತ್ತು. ಹೊಲದ ಸುತ್ತ ಐದು ಸಾಲು, ಇಲ್ಲವೆ ಶೇಕಡ 20ರಷ್ಟು ನೆಲ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ ಬಿಟಿಯಲ್ಲದ ಹತ್ತಿಯನ್ನು ಬಿತ್ತಬೇಕು. ಇದಕ್ಕಾಗಿ 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಸಾದಾ ಬೀಜದ ಪೊಟ್ಟಣವನ್ನು ಕೊಡುತ್ತಿದ್ದರು. ಆದರೆ ಎರಡು ಮೂರು ಎಕರೆ ಎರೆಹೊಲವುಳ್ಳ ಒಕ್ಕಲಿಗನಿಗೆ, ಐದರಲ್ಲಿ ಒಂದು ಪಾಲನ್ನು ಹುಳುವಿಗೆಂದು ಬಿಡು ಎಂದರೆ ಅವನು ಒಪ್ಪುವುದು ಹೇಗೆ? ಪೊಟ್ಟಣಗಳು ಬಹುತೇಕ ಬಿತ್ತನೆಯಾಗದೆ ಹೋದುವು. ಈ ವಿಷಯದಲ್ಲಿ ರೈತನನ್ನು ದೂರುವುದು ಅನ್ಯಾಯವೆಂದು ನಮ್ಮ ಅಭಿಪ್ರಾಯ. ಅವನ ನಷ್ಟವನ್ನು ತುಂಬಿಕೊಡುವ ಏರ್ಪಾಡು ಆ ನಿಯಮದಲ್ಲಿ ಇರಲಿಲ್ಲ.

ಇದಕ್ಕಿಂತ ಆಳವಾದ ಕಾರಣವು ಬೀಜದಲ್ಲಿಯೇ ಇತ್ತು. ಅಮೆರಿಕದ ಹತ್ತಿ ಶುದ್ಧ ತಳಿಗಳದ್ದು. ನಮ್ಮದು ಸಂಕರ ತಳಿ. ಸಂಕರ ಹತ್ತಿಯಲ್ಲಿ ಭಾರತವೇ ಮುಂದಾಳು. 1972ರಲ್ಲಿ ಧಾರವಾಡದಲ್ಲಿ ಕಟರಕಿಯವರು ಪಡೆದ 'ವರಲಕ್ಷ್ಮಿ' ಕನ್ನಡ ನಾಡಿನ ಕೀರ್ತಿಯನ್ನು ಹೆಚ್ಚಿಸಿದ ತಳಿ. ಆದರೆ ಸಂಕರದ ಬೀಜವನ್ನು ರೈತನು ಎತ್ತಿಟ್ಟುಕೊಳ್ಳಲಾಗದು, ವರ್ಷವರ್ಷವೂ ಕೊಳ್ಳಬೇಕು. ಬೀಜವನ್ನು ಮಾರುವವರಿಗೆ ಇದು ಅನುಕೂಲ. ಈ ಗಿಡಗಳು ಹೊಲದಲ್ಲಿ ಬಹುಕಾಲ ನಿಲ್ಲುತ್ತವೆ. ಗುಲಾಬಿ ಕಾಯಿಕೊರಕವೋ ಕೊನೆಗಾಲದ ಕಾಯಿಗಳಲ್ಲಿ ಬೆಳೆಯುವ ಹುಳು. ಮೇಲಾಗಿ, ಸಂಕರದ ಗಿಡದ ಒಂದೇ ಕಾಯಿಯಲ್ಲಿ ಕೆಲವು ಬೀಜಗಳಲ್ಲಿ ವಿಷವಿದ್ದು ಕೆಲವುಗಳಲ್ಲಿ ಇರುವುದಿಲ್ಲ. ಬೀಜದಿಂದ ಬೀಜಕ್ಕೆ ಸಾಗುವ ಹುಳುವಿಗೆ ಅರೆವಿಷದ ಅಭ್ಯಾಸವನ್ನು ನಾವೇ ಮಾಡಿಸಿದಂತಾಯಿತು. 2010ರಲ್ಲಿ ಗುಜರಾತಿನ ಹುಳುಗಳು ಮೊದಲ ಜೀನಿಗೆ ಒಗ್ಗಿವೆಯೆಂದು ಬೀಜದ ಕಂಪನಿಯೇ ಒಪ್ಪಿಕೊಂಡಿತು. 2006ರಿಂದ ಮಾರಾಟವಾಗುತ್ತಿದ್ದ ಎರಡು ಜೀನುಗಳ ಹತ್ತಿಯೂ 2015ರ ವೇಳೆಗೆ ಈ ಹುಳುವಿನ ಎದುರು ನಿಲ್ಲದಾಯಿತು. ಹಸಿರು ಕಾಯಿಕೊರಕದ ಹಾವಳಿ ತಗ್ಗಿ, ಮೊದಮೊದಲು ಗಾಳಿ ನೀರುಗಳಿಗೆ ಸೇರುವ ಕೀಟನಾಶಕ ಕಡಮೆಯಾದುದು ನಿಜ. ಆ ಲಾಭದಲ್ಲಿ ಒಂದು ಪಾಲು ಹೀಗೆ ಕೈಬಿಟ್ಟಿತು.

ಚೀನದ ಯಾಂಗ್‌ಟ್ಸಿ ಕಣಿವೆಯಲ್ಲಿಯೂ ರೈತರು ಚಿಕ್ಕ ಹಿಡುವಳಿಯವರೇ. ಅಲ್ಲಿ ಸಂಕರದ ಎರಡನೆಯ ಪೀಳಿಗೆಯ ಬೀಜವನ್ನು ಬಿತ್ತುವುದು ಬಳಕೆಗೆ ಬಂದು, ನಾಲ್ಕರಲ್ಲಿ ಒಂದು ಗಿಡ ಬಿಟಿಯಿಲ್ಲದ್ದಾಗಿ ಹುಟ್ಟುತ್ತಿತ್ತು. ಯಾರೂ ಹೇಳದೆ, ಯಾರಿಗೂ ಪ್ರತ್ಯೇಕ ನಷ್ಟವಾಗದೆ, ಆಶ್ರಯ ಬೆಳೆ ತಾನಾಗಿಯೇ ಏರ್ಪಟ್ಟಿತು; ತಲೆಯೆತ್ತುತ್ತಿದ್ದ ನಿರೋಧಶಕ್ತಿಯು ಹಿಂಜರಿಯಿತೆಂದು 2017ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸುತ್ತದೆ.

ನಮ್ಮ ನಾಡಿನಲ್ಲಿ ವಾದವು ಬೇರೆ ದಿಕ್ಕಿನಿಂದ ಎದ್ದಿತು. 1998ರ ಕೊನೆಯಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘವು ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಪ್ರಯೋಗದ ಹತ್ತಿಯನ್ನು ಕಿತ್ತು ಸುಟ್ಟಿತು. ಬೀಜವು ಯಾರ ಸ್ವತ್ತು ಎಂಬುದು ಅವರ ಪ್ರಶ್ನೆ. ಬೆಳೆಯನ್ನು ಸುಡುವುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ಪ್ರಶ್ನೆಯು ವಿಜ್ಞಾನಕ್ಕೆ ಹೊರಗಿನದೆಂದು ಆಗ ಹಲವರು ತಳ್ಳಿಹಾಕಿದುದು ಸರಿಯಲ್ಲವೆಂದು ಈಗ ಕಾಣುತ್ತದೆ. ಬೀಜದ ಒಡೆತನವು ಸಂಕರ ತಳಿಯ ಆಯ್ಕೆಯನ್ನೂ, ಸಂಕರ ತಳಿಯು ಹುಳುವಿನ ಗೆಲುವನ್ನೂ ಬಹುಮಟ್ಟಿಗೆ ನಿರ್ಧರಿಸಿತು. ನಾಗಪುರದ ಕೇಂದ್ರ ಹತ್ತಿ ಸಂಶೋಧನಾ ಸಂಸ್ಥೆಯೂ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಕೂಡಿ, ರೈತನು ಬೀಜ ಎತ್ತಿಡಬಹುದಾದ ಬಿಟಿ ತಳಿಯೊಂದನ್ನು 'ಬಿಕಾನೇರಿ ನರ್ಮಾ'ದಿಂದ ಸಿದ್ಧಪಡಿಸಿದ್ದುವು. 2009ರಲ್ಲಿ ಅದು ಹೊಲಕ್ಕೆ ಬಂದಿತು. ಅದರ ಬೀಜದಲ್ಲಿ ಖಾಸಗಿ ಕಂಪನಿಯ ಜೀನು ಇರುವುದು ಕಂಡುಬಂದು, ಹಿಂತೆಗೆದುಕೊಳ್ಳಬೇಕಾಯಿತು. ಆ ದಾರಿ ಅಲ್ಲಿಗೆ ಮುಚ್ಚಿತು. ಬಿಟಿ ಬದನೆಯ ಮಾತು ಬಂದಾಗ, ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ವಿಚಾರಣೆಯಾಗಿ, 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರವು ಅದನ್ನು ತಡೆಹಿಡಿಯಿತು.

ಇತ್ತೀಚಿನ ವರ್ಷಗಳಲ್ಲಿ ಬಿಟಿಯಲ್ಲದ ಬೀಜವನ್ನು ಬೇರೆ ಪೊಟ್ಟಣದಲ್ಲಿ ಕೊಡದೆ, ಬಿಟಿ ಬೀಜದೊಡನೆ ಒಂದೇ ಚೀಲದಲ್ಲಿ ಬೆರೆಸಿ ಮಾರುವ ಪದ್ಧತಿಯು ನಮ್ಮಲ್ಲಿಯೂ ಬಂದಿದೆ. ಅಷ್ಟು ಹೊತ್ತಿಗೆ ಗುಲಾಬಿ ಕಾಯಿಕೊರಕವು ಎರಡು ಜೀನುಗಳನ್ನೂ ಗೆದ್ದಾಗಿತ್ತು.