ಸೂಪರ್‌ಚಾರ್ಜರ್ ಕಾರುಗಳಿಗೆ ಮಂಜುಗಡ್ಡೆಯ ತಂಪು

ಎಂಜಿನ್ನಿನ ಶಕ್ತಿಯು ಅದು ಉರಿಸುವ ಇಂಧನವನ್ನು ಅವಲಂಬಿಸಿದೆ. ಇಂಧನ ಉರಿಯಲು ತಕ್ಕಷ್ಟು ಗಾಳಿ ಬೇಕು. ಸಹಜವಾಗಿ ಒಳಬರುವುದಕ್ಕಿಂತ ಹೆಚ್ಚಿನ ಗಾಳಿಯನ್ನು ಒತ್ತಿ ತುಂಬುವ ಸಾಧನವೇ ಸೂಪರ್‌ಚಾರ್ಜರ್. ಇದನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಹೊರಹೋಗುವ ಹೊಗೆಯ ಬಲದಿಂದ ತಿರುಗುವಂಥದ್ದು ಟರ್ಬೋಚಾರ್ಜರ್. ಒತ್ತಿದ ಗಾಳಿ ಬಿಸಿಯಾಗುತ್ತದೆಂಬುದು ಸೈಕಲ್ಲಿಗೆ ಪಂಪು ಹೊಡೆದವರಿಗೆಲ್ಲ ತಿಳಿದ ಸಂಗತಿ. ಈ ಬಿಸಿಯನ್ನು ಇಳಿಸುವ ಸಾಧನಕ್ಕೆ ಇಂಟರ್‌ಕೂಲರ್ ಎಂದು ಹೆಸರು. ಅದಕ್ಕೆ ಮಂಜುಗಡ್ಡೆಯನ್ನು ಬಳಸುವ ಪದ್ಧತಿ ಅಮೆರಿಕದ ಡ್ರ್ಯಾಗ್ ಓಟಗಳಲ್ಲಿಯೂ ಯೂಟಾ ರಾಜ್ಯದ ಬಾನವಿಲ್ ಉಪ್ಪುಬಯಲಿನ ವೇಗಸ್ಪರ್ಧೆಗಳಲ್ಲಿಯೂ ರೂಢಿಯಲ್ಲಿದೆ.

ಹಿನ್ನೆಲೆ

ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರವು ಮೊದಲು ಕೈಗಾರಿಕೆಯ ಕುಲುಮೆಗಳಿಗೆ ಗಾಳಿಯೂದಲು ಬಳಕೆಯಾಯಿತು. ಮುಂದೆ ಅದೇ ವಿನ್ಯಾಸ ವಾಹನಗಳಿಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಎತ್ತರದ ತೆಳುಗಾಳಿಯಲ್ಲಿ ಹಾರಬೇಕಾದ ವಿಮಾನಗಳಿಗೆ ಇದು ಅನಿವಾರ್ಯವಾಯಿತು. 1942ರಲ್ಲಿ ಬಳಕೆಗೆ ಬಂದ ಸ್ಪಿಟ್‌ಫೈರ್ 9ನೆಯ ಮಾದರಿಯ ಮರ್ಲಿನ್ ಎಂಜಿನ್ನಿನಲ್ಲಿ ಗಾಳಿಯನ್ನು ಎರಡು ಹಂತಗಳಲ್ಲಿ ಒತ್ತಿ, ಬಳಿಕ ದ್ರವದಿಂದ ತಂಪುಗೊಳಿಸುವ ಏರ್ಪಾಡಿತ್ತು.

ಬಿಸಿಗಾಳಿಯಿಂದ ಎರಡು ಕೇಡುಗಳಿವೆ. ಮೊದಲನೆಯದು, ಅದರ ಸಾಂದ್ರತೆ ಕಡಿಮೆಯಾಗಿ, ಒತ್ತಿ ತುಂಬಿದ ಲಾಭದಲ್ಲಿ ಒಂದು ಪಾಲು ನಷ್ಟವಾಗುವುದು. ಎರಡನೆಯದು ಇನ್ನೂ ಗಂಭೀರವಾದುದು: ಪೆಟ್ರೋಲ್ ಎಂಜಿನ್ನಿನಲ್ಲಿ ಉಳಿದ ಮಿಶ್ರಣ ಜ್ವಾಲೆ ತಲಪುವ ಮುನ್ನವೇ ತಾನಾಗಿ ಸಿಡಿಯುವ ‘ನಾಕಿಂಗ್’. ಇದು ತೀವ್ರವಾದರೆ ಪಿಸ್ಟನ್ ಒಡೆಯಬಹುದು, ಕರಗಲೂಬಹುದು. ಆಧುನಿಕ ಕಾರುಗಳ ಕಂಪ್ಯೂಟರ್ ಗಾಳಿ ಬಿಸಿಯಾದುದನ್ನು ಅರಿತು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸುತ್ತದೆ. ಇದರಿಂದ ಎಂಜಿನ್ ಉಳಿಯುತ್ತದೆ, ಆದರೆ ಶಕ್ತಿ ಕುಗ್ಗುತ್ತದೆ.

ಎರಡು ಬಗೆಯ ಇಂಟರ್‌ಕೂಲರ್‌ಗಳು

ಒಂದು ಬಗೆಯಲ್ಲಿ ಒತ್ತಿದ ಗಾಳಿಯನ್ನು ಹೊರಗಿನ ಗಾಳಿಯೇ ತಂಪುಗೊಳಿಸುತ್ತದೆ. ಭಾರತದ ರಸ್ತೆಗಳಲ್ಲಿರುವ ಟರ್ಬೋ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಇದರಲ್ಲಿ ಮಂಜುಗಡ್ಡೆ ತುಂಬಲು ಸ್ಥಳವಿಲ್ಲ. ಹೆಚ್ಚೆಂದರೆ ಹೊರಗಿನಿಂದ ನೀರು ಸಿಂಪಡಿಸಬಹುದು. ಸುಬಾರು ಇಂಪ್ರೆಜಾದ ಕೆಲವು ಎಸ್‌ಟಿಐ ಮಾದರಿಗಳಿಗೆ ತಯಾರಕರೇ ಅಂತಹ ಸಿಂಪರಣೆಯನ್ನು ಅಳವಡಿಸಿದ್ದರು.

ಇನ್ನೊಂದು ಬಗೆಯಲ್ಲಿ ಗಾಳಿಯ ಬಿಸಿಯನ್ನು ನೀರು ಹೀರುತ್ತದೆ. ಸಣ್ಣ ವಿದ್ಯುತ್ ಪಂಪು ಆ ನೀರನ್ನು ಕಾರಿನ ಮುಂಭಾಗದ ರೇಡಿಯೇಟರಿಗೆ ಒಯ್ದು ತಂಪಾಗಿಸಿ ಮರಳಿ ತರುತ್ತದೆ. 2003ರ ಫೋರ್ಡ್ ಮಸ್ಟಾಂಗ್ ಕೋಬ್ರಾ ಈ ಬಗೆಯ ಕಾರು. ಇಂಥ ಕಾರಿಗೆ ಒಂದು ತೊಟ್ಟಿಯನ್ನು ಸೇರಿಸಿ, ಅದರಲ್ಲಿ ನೀರಿನೊಡನೆ ಮಂಜುಗಡ್ಡೆ ತುಂಬಿದರೆ ಸುತ್ತುವ ನೀರು ಶೂನ್ಯ ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ.

ಲೆಕ್ಕಾಚಾರ

ಮಂಜುಗಡ್ಡೆಯ ಮಹಿಮೆ ಇರುವುದು ಅದರ ಗುಪ್ತೋಷ್ಣದಲ್ಲಿ. ಗ್ಲಾಸ್ಗೋದ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ವಿವರಿಸಿದ ತತ್ತ್ವವಿದು. ಒಂದು ಕಿಲೋ ಮಂಜುಗಡ್ಡೆ ಬರಿದೇ ಕರಗುವುದಕ್ಕೆ ಸುಮಾರು 334 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಅಷ್ಟು ಶಾಖದಿಂದ ಒಂದು ಕಿಲೋ ನೀರನ್ನು ಶೂನ್ಯದಿಂದ 80 ಡಿಗ್ರಿಯವರೆಗೆ ಕಾಯಿಸಬಹುದು.

ಉದಾಹರಣೆಗೆ, ಸುಮಾರು 400 ಅಶ್ವಶಕ್ತಿಯ ಎಂಜಿನ್ ಸೆಕೆಂಡಿಗೆ 0.3 ಕಿಲೋ ಗಾಳಿಯನ್ನು ಸೇವಿಸುತ್ತದೆನ್ನೋಣ. 30 ಡಿಗ್ರಿಯ ಗಾಳಿಯನ್ನು 1.6 ಪಟ್ಟು ಒತ್ತಿದಾಗ, ಸೂಪರ್‌ಚಾರ್ಜರಿನ ದಕ್ಷತೆ ಶೇ. 65 ಇದ್ದರೆ, ಅದು ಸುಮಾರು 97 ಡಿಗ್ರಿಗೆ ಏರುತ್ತದೆ. ಅದನ್ನು 40 ಡಿಗ್ರಿಗೆ ಇಳಿಸಲು ಸುಮಾರು 17 ಕಿಲೋವಾಟ್ ಶಾಖವನ್ನು ತೆಗೆಯಬೇಕು. ಒತ್ತಡ ಬದಲಾಗದಿದ್ದರೆ ಗಾಳಿಯ ಸಾಂದ್ರತೆ ಶೇ. 18ರಷ್ಟು ಹೆಚ್ಚುತ್ತದೆ.

ಮನೆಯ ಏರ್‌ಕಂಡೀಷನರಿನ ‘ಟನ್’ ಎಂಬ ಮಾಪನವೂ ಮಂಜುಗಡ್ಡೆಯಿಂದಲೇ ಬಂದುದು: ಅಮೆರಿಕದ ಒಂದು ಟನ್ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸುವ ಶಾಖದ ಪ್ರಮಾಣವದು, ಅಂದರೆ ಸುಮಾರು 3.5 ಕಿಲೋವಾಟ್. ಆ ಲೆಕ್ಕದಲ್ಲಿ ಮೇಲಿನ ಎಂಜಿನ್ನಿಗೆ ಬೇಕಾದದ್ದು ಐದು ಟನ್ನಿನ ಹತ್ತಿರದ ಯಂತ್ರ. ಆದರೆ 402 ಮೀಟರಿನ ಡ್ರ್ಯಾಗ್ ಓಟವು 12 ಸೆಕೆಂಡುಗಳಲ್ಲಿ ಮುಗಿದರೆ, ಅಷ್ಟು ಹೊತ್ತಿನ ಶಾಖಕ್ಕೆ ಮುಕ್ಕಾಲು ಕಿಲೋಗಿಂತ ಕಡಿಮೆ ಮಂಜುಗಡ್ಡೆ ಸಾಕು.

ಹಾಗಾದರೆ ಅದಕ್ಕಿಂತ ಬಹಳ ಹೆಚ್ಚಾಗಿ ಏಕೆ ತುಂಬಬೇಕು? 40 ಡಿಗ್ರಿಯಲ್ಲಿರುವ 10 ಲೀಟರ್ ನೀರನ್ನು 5 ಡಿಗ್ರಿಗೆ ಇಳಿಸುವುದಕ್ಕೇ ನಾಲ್ಕು ಕಿಲೋಗೂ ಮಿಕ್ಕಿದ ಮಂಜುಗಡ್ಡೆ ವ್ಯಯವಾಗುತ್ತದೆ. ಆದುದರಿಂದಲೇ ಅನುಭವಿಗಳು ಬಿಸಿಯಾದ ನೀರನ್ನು ಹೊರಚೆಲ್ಲಿ, ತಣ್ಣೀರು ತುಂಬಿ, ಅನಂತರ ಮಂಜುಗಡ್ಡೆ ಹಾಕುತ್ತಾರೆ. ಅದನ್ನು ಓಟಕ್ಕೆ ಸ್ವಲ್ಪ ಮುಂಚೆಯೇ ಹಾಕುವುದು ವಾಡಿಕೆ.

ಅಪಾಯಗಳು

ಗಡ್ಡೆಯ ಚೂರುಗಳು ಪಂಪಿನ ಬಾಯಿಗೆ ಸಿಕ್ಕಿದರೆ ನೀರಿನ ಸುತ್ತಾಟ ನಿಂತು ಗಾಳಿ ಒಮ್ಮೆಲೇ ಬಿಸಿಯಾಗುತ್ತದೆ; ಆದ್ದರಿಂದ ಜಾಲರಿ ಅಗತ್ಯ. ಇಂಟರ್‌ಕೂಲರಿನ ಒಳಗೆ ಸೋರಿಕೆಯಿದ್ದರೆ ನೀರು ಸಿಲಿಂಡರಿಗಿಳಿದು ಎಂಜಿನ್ ಮುರಿಯಬಹುದು. ಉಪ್ಪು ಬೆರೆಸಿದರೆ ತಂಪು ಹೆಚ್ಚುವುದು ನಿಜ, ಆದರೆ ಅಲ್ಯೂಮಿನಿಯಂ ತುಕ್ಕಿಗೆ ಈಡಾಗುತ್ತದೆ. ಒಣ ಮಂಜುಗಡ್ಡೆಯಂತೂ ಇನ್ನೂ ಅಪಾಯಕಾರಿ. ಮೈನಸ್ 78 ಡಿಗ್ರಿಯ ಅದು ನೀರನ್ನೇ ಹೆಪ್ಪುಗಟ್ಟಿಸಬಲ್ಲದು. ಮುಚ್ಚಿದ ತೊಟ್ಟಿಯಲ್ಲಿ ಅನಿಲವಾಗಿ ಉಬ್ಬಿ ಸಿಡಿಯಬಲ್ಲದು. ಕಾರಿನೊಳಗೆ ತುಂಬಿದರೆ ಉಸಿರುಗಟ್ಟಿಸಬಲ್ಲದು. ಓಟದ ಹಾದಿಗೆ ಚೆಲ್ಲಿದ ನೀರು ಹಿಂದೆ ಬರುವವರ ಪ್ರಾಣಕ್ಕೂ ಸಂಚಕಾರ.

ಮಂಜುಗಡ್ಡೆಯಿಲ್ಲದೆ ಇದೇ ಫಲವನ್ನು ಪಡೆಯುವ ಪ್ರಯತ್ನವೂ ನಡೆದಿದೆ. 2018ರ ಡಾಜ್ ಚಾಲೆಂಜರ್ ಡೀಮನ್ ಕಾರಿನಲ್ಲಿ ಏರ್‌ಕಂಡೀಷನರಿನ ಶೀತಕವನ್ನೇ ತಿರುಗಿಸಿ ಇಂಟರ್‌ಕೂಲರಿನ ದ್ರವವನ್ನು ತಂಪಾಗಿಸುವ ವ್ಯವಸ್ಥೆಯಿತ್ತು.

ನಮ್ಮ ಮನೆಗಳಿಗೆ ಸಂಬಂಧಿಸಿದಂತೆ

ದಿನನಿತ್ಯದ ಓಡಾಟಕ್ಕೆ ಈ ವಿಧಾನ ಉಪಯೋಗಕ್ಕೆ ಬಾರದು. ಪೂರ್ಣ ಶಕ್ತಿಯಲ್ಲಿ ಓಡಿಸಿದರೆ ಐದು ಕಿಲೋ ಮಂಜುಗಡ್ಡೆ ಎರಡು ನಿಮಿಷವೂ ಬಾಳುವುದಿಲ್ಲ. ಆಮೇಲೆ ಉಳಿಯುವುದು ತೊಟ್ಟಿಯ ಭಾರ ಮಾತ್ರ. ಮನೆಯ ತರುಣರು ಇಂಥ ಮಾರ್ಪಾಡುಗಳಲ್ಲಿ ಆಸಕ್ತಿ ತೋರಿದಾಗ ಹಿರಿಯರು ತಿಳಿಸಬೇಕಾದ ಸಂಗತಿಗಳು ಎರಡು: ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ; ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ನಡೆಸುವುದು 189ನೆಯ ಕಲಮಿನಡಿ ಶಿಕ್ಷಾರ್ಹ. ಆಸಕ್ತಿಯಿದ್ದವರಿಗೆ ಅಧಿಕೃತ ಓಟದ ಅಂಗಣವೇ ತಕ್ಕ ಜಾಗ. ಉಳಿದವರು ಇಂಟರ್‌ಕೂಲರಿನ ರೆಕ್ಕೆಗಳಲ್ಲಿ ಕೂತ ಧೂಳು ತೆಗೆಸಿ, ಸಡಿಲವಾದ ಕೊಳವೆಗಳನ್ನು ಬಿಗಿಗೊಳಿಸಿಕೊಂಡರೆ ಬೇಸಿಗೆಯಲ್ಲಿಯೂ ಎಂಜಿನ್ನಿಗೆ ಬೇಕಾದ ತಂಪು ದೊರೆಯುತ್ತದೆ.